ಸಯನ್ (ಶೀವ್)

ಮುಂಬಯಿ ದ್ವೀಪನಗರದ ಈಶಾನ್ಯ ತುದಿಯ ಬಡಾವಣೆ. ಮರಾಠಿಯಲ್ಲಿ ಇದು ಶೀವ್, ಅಂದರೆ ಎಲ್ಲೆ. ನಮ್ಮ ‘ಸೀಮೆ’ಗೂ ಇದಕ್ಕೂ ಮೂಲ ಒಂದೇ. ಪೋರ್ಚುಗೀಸರ ಕಾಲದಲ್ಲಿ ಜೆಸ್ಯೂಟ್ ಪಾದ್ರಿಗಳು ಇಲ್ಲೊಂದು ಪ್ರಾರ್ಥನಾಲಯ ಕಟ್ಟಿ ಜೆರುಸಲೇಮಿನ ಝಯನ್ ಬೆಟ್ಟದ ಹೆಸರಿಟ್ಟರು, ಅದೇ ಸಯನ್ ಆಯಿತು ಎನ್ನುವವರೂ ಇದ್ದಾರೆ. ಊರಿನ ಚರಿತ್ರೆ ನೋಡಿದರೆ ಎಲ್ಲೆ ಎಂಬ ಅರ್ಥವೇ ಹೆಚ್ಚು ಒಪ್ಪುತ್ತದೆ.

ಮುಂಬಯಿ ಬಿಡಿ ದ್ವೀಪಗಳಾಗಿದ್ದಾಗ ಪರೇಲ್ ದ್ವೀಪ ಇಲ್ಲಿಗೆ ಮುಗಿಯುತ್ತಿತ್ತು. ಮುಂದೆ ಕೆಸರು, ಕಾಂಡ್ಲಾ ಕಾಡು, ಉಪ್ಪಿನ ಗದ್ದೆ. ಅದರಾಚೆ ಸಾಷ್ಟಿ ದ್ವೀಪ. ಈಚೆ ಇಂಗ್ಲಿಷರು, ಆಚೆ ಪೋರ್ಚುಗೀಸರು. ಗವರ್ನರ್ ಜೆರಾರ್ಡ್ ಆಂಜಿಯರ್ ಕಾಲದಲ್ಲಿ, 1669 ಮತ್ತು 1677ರ ನಡುವೆ, ಇಲ್ಲಿನ ಗುಡ್ಡದ ನೆತ್ತಿಯ ಮೇಲೆ ಕಾವಲುಕೋಟೆ ಎದ್ದಿತು. 1730ರ ದಶಕದ ಕೊನೆಗೆ ಸಾಷ್ಟಿ ಮರಾಠರ ವಶವಾದ ಮೇಲೆ ಕೋಟೆಯ ಕಣ್ಣು ಅವರ ಕಡೆ ತಿರುಗಿತು. 1774ರಲ್ಲಿ ಇಂಗ್ಲಿಷರೇ ಸಾಷ್ಟಿಯನ್ನು ಹಿಡಿದಾಗ ಕಾಯುವುದಕ್ಕೆ ಗಡಿಯೇ ಉಳಿಯಲಿಲ್ಲ. ಈಗ ಗುಡ್ಡದ ಬುಡದಲ್ಲಿ ನೆಹರೂ ಉದ್ಯಾನ. ಮೆಟ್ಟಿಲು ಹತ್ತಿದರೆ ಮುರುಕು ಕಲ್ಲುಗೋಡೆ, ಅದರ ತುಂಬ ಪ್ರೇಮಿಗಳು ಕೆತ್ತಿದ ಹೆಸರುಗಳು.

ಕೋಟೆಗಿಂತ ಊರನ್ನು ಬದಲಿಸಿದ್ದು ದಾರಿ. ಗವರ್ನರ್ ಜೊನಾಥನ್ ಡಂಕನ್ 1798ರಲ್ಲಿ ಕುರ್ಲಾ ಕಡೆಗೆ ಕಟ್ಟಿಸತೊಡಗಿದ ಏರುರಸ್ತೆ 1805ರಲ್ಲಿ ಮುಗಿದು, ದೋಣಿಯಿಲ್ಲದೆ ಸಾಷ್ಟಿಗೆ ಹೋಗುವಂತಾಯಿತು. 1853ರಲ್ಲಿ ಬೋರಿಬಂದರ್–ಠಾಣೆ ರೈಲು ಇದೇ ಜಾಗದಿಂದ ಹಾದುಹೋಯಿತು. 1896ರ ಪ್ಲೇಗಿನ ನಂತರ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್, ಮಾಟುಂಗಾದಿಂದ ಸಯನ್‌ವರೆಗೆ ನೇರ ಬೀದಿಗಳ ಬಡಾವಣೆಗಳನ್ನು ಯೋಜಿಸಿತು.

ಮೊದಲಿನ ನಿವಾಸಿಗಳು ಕೋಳಿ ಬೆಸ್ತರು. ಕೋಳಿವಾಡ ಎಂದರೆ ಅವರ ಕೇರಿ. ಕನ್ನಡದ ಕೋಳಿಗೂ ಅದಕ್ಕೂ ಸಂಬಂಧವಿಲ್ಲ. ದೇಶವಿಭಜನೆಯ ನಂತರ ಪಂಜಾಬಿ ನಿರಾಶ್ರಿತರು ಸಯನ್ ಕೋಳಿವಾಡದಲ್ಲಿ ನೆಲೆಸಿದರು. ಅಲ್ಲಿನ ರೈಲು ನಿಲ್ದಾಣ ಈಗ ಗುರು ತೇಗ್ ಬಹಾದ್ದೂರ್ ನಗರ. ಹೋಟೆಲುಗಳ ‘ಪ್ರಾನ್ಸ್ ಕೋಳಿವಾಡ’ ಬೆಸ್ತರ ಮನೆಯ ಅಡುಗೆಯಲ್ಲ, ಈ ಪಂಜಾಬಿಗಳು ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಸೀಗಡಿ.

ಜನ ‘ಸಯನ್ ಆಸ್ಪತ್ರೆ’ ಎನ್ನುವ ಲೋಕಮಾನ್ಯ ತಿಲಕ್ ಪಾಲಿಕೆ ಆಸ್ಪತ್ರೆ 1947ರಲ್ಲಿ ಸೇನೆಯ ಹಳೆಯ ಬ್ಯಾರಕ್ಕುಗಳಲ್ಲಿ 50 ಹಾಸಿಗೆಗಳೊಂದಿಗೆ ಶುರುವಾಯಿತು. 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಇಲ್ಲಿ ತೆರೆದ ಎದೆಹಾಲಿನ ಬ್ಯಾಂಕು ಏಷ್ಯಾದಲ್ಲೇ ಮೊದಲನೆಯದು.

ಕನ್ನಡಿಗರಿಗೆ ಸಯನ್, ಪಕ್ಕದ ಮಾಟುಂಗಾದೊಂದಿಗೆ ಸೇರಿದ ಒಂದೇ ನೆಲೆ. ಮೈಸೂರು ಅಸೋಸಿಯೇಷನ್ ಮಾಟುಂಗಾದಲ್ಲಿದೆ. ದಕ್ಷಿಣ ಕನ್ನಡದ ಬ್ರಾಹ್ಮಣರ ಬಿ.ಎಸ್.ಕೆ.ಬಿ. ಅಸೋಸಿಯೇಷನ್ನಿನ ‘ಗೋಕುಲ’, ಗೋಪಾಲಕೃಷ್ಣ ಮಂದಿರದೊಂದಿಗೆ ಸಯನ್‌ನಲ್ಲಿದೆ. ಕರಾವಳಿ ಮೂಲದ ಕೊಂಕಣಿಗರು 1955ರಿಂದ ಮಾಟುಂಗಾದ ಕಿಂಗ್ಸ್ ಸರ್ಕಲ್‌ನಲ್ಲಿ ಐದು ದಿನ ಗಣಪತಿಯನ್ನು ಕೂರಿಸುತ್ತ ಬಂದಿದ್ದಾರೆ. ಪನ್ವೇಲ್ ಹೆದ್ದಾರಿ ಸಯನ್‌ನಿಂದಲೇ ಹೊರಡುವುದರಿಂದ ಪುಣೆ, ಬೆಂಗಳೂರು, ಮಂಗಳೂರಿನ ಖಾಸಗಿ ಬಸ್ಸುಗಳಿಗೆ ಇಲ್ಲಿ ನಿಲುಗಡೆ. ಸಂಜೆಯಾದರೆ ಸಯನ್ ಸರ್ಕಲ್ಲಿನ ಫ್ಲೈಓವರ್ ಕೆಳಗೆ ರಟ್ಟಿನ ಪೆಟ್ಟಿಗೆಗಳ ಮೇಲೆ ಕೂತವರು ತುಳು, ಕನ್ನಡ, ಮರಾಠಿ ಬೆರೆಸಿ ಬಸ್ಸು ಎಲ್ಲಿಗೆ ಬಂತೆಂದು ಫೋನಿನಲ್ಲಿ ಕೇಳುತ್ತಿರುತ್ತಾರೆ.