ಮರಕ್ಕೆ ಕಟ್ಟಿದ ಕ್ಯಾಮೆರಾದ ಅಜ್ಜ

ಅಣಶಿ ಕಾಡಿನ ದಾರಿಯಲ್ಲಿ ಮರಕ್ಕೆ ಬಿಗಿದ ಸಣ್ಣ ಪೆಟ್ಟಿಗೆಯನ್ನು ನೀವೂ ನೋಡಿರಬಹುದು. ಹುಲಿ ಎಣಿಸುವ ಕ್ಯಾಮೆರಾ ಅದು. ಇವತ್ತು ಅದರ ಅಜ್ಜನ ಕಥೆ ಹೇಳುತ್ತೇವೆ.

1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ರೀಲು ಬೇಡದ ಕ್ಯಾಮೆರಾ ಜೋಡಿಸಿದರು. ತೂಕ ಸುಮಾರು 3.6 ಕೆ.ಜಿ. ಲೆನ್ಸ್ ಸಿನಿಮಾ ಕ್ಯಾಮೆರಾದ್ದು, ಬ್ಯಾಟರಿ 16. ಕಪ್ಪು-ಬಿಳುಪು ಚಿತ್ರ, ಬರೀ 10,000 ಚುಕ್ಕಿ. ಒಂದು ಫೋಟೋ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು! ನೋಡಲು ಟಿವಿ ಬೇಕು. ಫಿಲ್ಮ್ ಮಾರಿ ಬದುಕುತ್ತಿದ್ದ ಕಂಪನಿ ಅದನ್ನು ಮಾರುಕಟ್ಟೆಗೆ ತರಲೇ ಇಲ್ಲ.

1990ರ ದಶಕದಲ್ಲಿ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿ ಎಣಿಸಿದ್ದೂ ರೀಲು ಕ್ಯಾಮೆರಾದಲ್ಲೇ. ರೀಲು ಮುಗಿದರೆ ಕಾಡಿಗೆ ಹೋಗಿ ಬದಲಿಸಬೇಕು. ಈಗಿನ ಡಿಜಿಟಲ್ ಪೆಟ್ಟಿಗೆಯ ಕಾರ್ಡಿನಲ್ಲಿ ಸಾವಿರಾರು ಚಿತ್ರ ಹಿಡಿಯುತ್ತವೆ. ಬಿಸಿ ಮೈಯೊಂದು ಎದುರು ಹಾದರೆ ಸಾಕು, ಕ್ಲಿಕ್. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ಎಡಮೈಯಂತೆ ಬಲಮೈಯೂ ಇಲ್ಲ. ಅದಕ್ಕೇ ದಾರಿಯ ಎರಡೂ ಬದಿ ಒಂದೊಂದು ಕ್ಯಾಮೆರಾ.

ಆದರೆ ಆ ಕಣ್ಣಿಗೆ ಹುಲಿಯೂ ಒಂದೇ, ಸೌದೆ ಹೊತ್ತು ಬರುವ ನಮ್ಮ ಅವ್ವನೂ ಒಂದೇ. ಹುಲಿಯ ಚಿತ್ರ ಲೆಕ್ಕಕ್ಕೆ ಸೇರುತ್ತದೆ. ಅವ್ವನ ಚಿತ್ರ ಎಲ್ಲಿಗೆ ಹೋಗುತ್ತದೆ? ಹುಲಿ ಕೇಳಲಾರದು, ನಾವು ಕೇಳಬಹುದು.