ಹಿತ್ತಿಲಿನಿಂದ ಬಡಾವಣೆಗೆ: ಮಲೆನಾಡಿನ ಕೈತೋಟದ ಹಾದಿ

ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಕೈತೋಟ ಹೊಸದೇನಲ್ಲ. ಅಡಿಕೆ ತೋಟದ ಲೆಕ್ಕಾಚಾರ ಗಂಡಸರದಾದರೆ ಹಿತ್ತಿಲು ಹೆಂಗಸರ ಸುಪರ್ದಿ. ಬಸಳೆ ಚಪ್ಪರ, ಹರಿವೆ, ತೊಂಡೆ, ಬಚ್ಚಲ ನೀರು ಹರಿಯುವಲ್ಲಿ ಕೆಸು, ಮರಕ್ಕೆ ಅಂಟಿಕೊಂಡ ಮರಗೆಸು, ತಂಬುಳಿಗೆ ಒಂದೆಲಗ. ಬೀಜವನ್ನು ಬೂದಿಯಲ್ಲಿ ಕಲಸಿಡುತ್ತಿದ್ದರು, ಮೊಗೆಕಾಯಿಯನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಅಟ್ಟದಡಿ ತೂಗುಹಾಕುತ್ತಿದ್ದರು. ಮಳೆಗಾಲದ ಹೊಸ್ತಿಲಲ್ಲಿ ಡೇರೆ ಗೆಡ್ಡೆ, ಸೌತೆ ಬೀಜ ನೆಂಟರ ಮನೆಯಿಂದ ಮನೆಗೆ ಹೋಗುತ್ತಿದ್ದವು. ಹಿತ್ತಿಲು ಒಬ್ಬರದು, ಬೀಜ ಊರಿನದು.

ನೆಲವನ್ನೂ ಹಂಚಿಕೊಂಡು ಬಳಸಿದ ಸೀಮೆಯಿದು. ಕಾಳುಮೆಣಸು, ಬಗನೆ ಇದ್ದ ‘ಕಾನು’ ಎಂಬ ದಟ್ಟ ಕಾಡುಗಳಿಂದ ಊರವರು ಫಸಲು ತೆಗೆಯುತ್ತಿದ್ದರು. ನೆರೆಯ ಸೊರಬದ ಕಾನುಗಳ ಬಗ್ಗೆ ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲೇ ವರದಿ ಬರೆದರು. ಅಡಿಕೆ ಮರದ ಬುಡಕ್ಕೆ ಸೊಪ್ಪು ಬರುತ್ತಿದ್ದುದು ಸೊಪ್ಪಿನಬೆಟ್ಟದಿಂದ. ಕಡಿಯುವುದಕ್ಕೊಂದು ಕಟ್ಟುಪಾಡು ಇದ್ದಲ್ಲಿ ಬೆಟ್ಟ ಉಳಿಯಿತು, ಇಲ್ಲದಲ್ಲಿ ಬೋಳಾಯಿತು.

ಪೇಟೆಯ ತರಕಾರಿ ಹಳ್ಳಿಗೂ ಬರತೊಡಗಿದ ಮೇಲೆ ಹಿತ್ತಿಲು ಸೊರಗಿತು. ಅದನ್ನು ಮತ್ತೆ ಸಂಘಟಿತವಾಗಿ ಎತ್ತಿ ನಿಲ್ಲಿಸಿದ್ದು 2001ರಲ್ಲಿ ಶಿರಸಿಯಲ್ಲಿ ಸುನೀತಾ ರಾವ್ ಆರಂಭಿಸಿದ ‘ವನಸ್ತ್ರೀ’. ಮಲೆನಾಡಿನ ಹೆಣ್ಣುಮಕ್ಕಳ ಬೀಜ ವಿನಿಮಯಕ್ಕೆ ಅದು ಮೇಳದ ರೂಪ ಕೊಟ್ಟಿತು. ಇತ್ತ ತೀರ್ಥಹಳ್ಳಿಯಲ್ಲಿ ಪುರುಷೋತ್ತಮ ರಾವ್ ಮತ್ತು ಕೃಷಿ ಪ್ರಯೋಗ ಪರಿವಾರ ಸಾವಯವ ಬೇಸಾಯದ ದಾರಿ ತೋರಿದರು. 2004ರಲ್ಲಿ ರಾಜ್ಯಕ್ಕೊಂದು ಸಾವಯವ ಕೃಷಿ ನೀತಿಯೂ ಬಂತು.

ಊರು ಬಿಟ್ಟವರ ಕೈತೋಟ ಬೆಂಗಳೂರಿನಲ್ಲಿ ತಾರಸಿ ಏರಿತು. ಡಾ. ಬಿ.ಎನ್. ವಿಶ್ವನಾಥ್ ಅವರ ತರಬೇತಿ, 2011ರಿಂದ ನಡೆದ ‘ಊಟ ಫ್ರಮ್ ಯುವರ್ ತೋಟ’ ಸಂತೆಗಳು ಅಪರಿಚಿತರ ನಡುವೆಯೂ ಸಸಿ ಕೈಬದಲಾಗುವಂತೆ ಮಾಡಿದವು. ಪೇಟೆಯ ನಡುವೆ ಹಂಚಿಕೊಂಡು ಬೆಳೆಯುವುದಕ್ಕೆ ಹೊರನಾಡಿನ ನಿದರ್ಶನವೂ ಇದೆ: ಸೋವಿಯತ್ ಒಕ್ಕೂಟ ಕುಸಿದು ಆಹಾರಕ್ಕೆ ತತ್ವಾರವಾದಾಗ ಕ್ಯೂಬಾದ ಹವಾನಾ ನಗರ ಖಾಲಿ ನಿವೇಶನಗಳಲ್ಲೇ ತರಕಾರಿ ಬೆಳೆದುಕೊಂಡಿತು. ನಮ್ಮಲ್ಲಿ ಕೇಂದ್ರ ಸರ್ಕಾರದ 2019ರ ಮಾರ್ಗಸೂಚಿ ಶಾಲೆಗಳಲ್ಲೂ ಪೌಷ್ಟಿಕ ಕೈತೋಟ ಬೇಕೆಂದಿತು.

ಈಗ ನಮ್ಮ ಮೂರೂ ಪೇಟೆಗಳ ಹೊಸ ಬಡಾವಣೆಗಳಲ್ಲಿ ಮೂವತ್ತು-ನಲವತ್ತರ ಸೈಟು ತುಂಬ ಮನೆ, ಹಿತ್ತಿಲಿಗೆ ಜಾಗವಿಲ್ಲ. ಅಂಗಳಕ್ಕೆ ಸಿಮೆಂಟು ಹಾಸಿದ್ದರಿಂದ ಮಳೆನೀರು ಇಂಗುವುದಿಲ್ಲ. ಇದಕ್ಕೆ ದಾರಿ, ಬಡಾವಣೆಯವರೆಲ್ಲ ಹಂಚಿಕೊಳ್ಳುವ ಕೈತೋಟ. ಘನತ್ಯಾಜ್ಯ ನಿಯಮದಂತೆ ಬೇರ್ಪಡಿಸಿದ ಹಸಿಕಸಕ್ಕೆ ಬಡಾವಣೆಯಲ್ಲೇ ಗೊಬ್ಬರದ ಗುಂಡಿ ತೋಡಬಹುದು, ಆ ಗೊಬ್ಬರಕ್ಕೆ ಪಕ್ಕದಲ್ಲೇ ತೋಟವಿರಬಹುದು. ತೋಟ ಬಿಟ್ಟು ಮಕ್ಕಳ ಮನೆ ಸೇರಿದ ಹಿರಿಯರಿಗೆ ಕೈತುಂಬ ಕೆಲಸ, ಅಕ್ಕಪಕ್ಕದವರಿಗೆ ಮಾತು.

ಕಾನು, ಬೆಟ್ಟಗಳ ಪಾಠ ಇಲ್ಲೂ ಸಲ್ಲುತ್ತದೆ: ನೀರು ಹಾಕುವವರು ಯಾರು, ಕೊಯ್ಯುವವರು ಯಾರು ಎಂಬುದು ಮೊದಲೇ ತೀರ್ಮಾನವಾಗದಿದ್ದರೆ ಒಂದೇ ಮಳೆಗಾಲಕ್ಕೆ ಕಳೆ ಗೆಲ್ಲುತ್ತದೆ. ಬೀಜ ನಮ್ಮಲ್ಲಿದೆ, ಬೆಳೆಸಬಲ್ಲ ಕೈಗಳಿವೆ. ಸಾಗರದ ನಗರಸಭೆ, ಹೊಸನಗರ ಮತ್ತು ತೀರ್ಥಹಳ್ಳಿಯ ಪಟ್ಟಣ ಪಂಚಾಯಿತಿಗಳು ಪ್ರತಿ ಬಡಾವಣೆಯ ಉದ್ಯಾನದಲ್ಲಿ ಒಂದು ಮೂಲೆಯನ್ನು, ಒಂದು ನಲ್ಲಿಯನ್ನು ನಿವಾಸಿಗಳ ಕೈಗೆ ಕೊಡಲಿ. ನಿವಾಸಿಗಳೂ ಮಳೆ ಹಿಡಿಯುವ ಮೊದಲೇ ಅದನ್ನು ಕೇಳಿ ಪಡೆಯಲಿ.