ಶರ್ಕರ, ಲಸಿಕೆ ಮತ್ತು ಪರೇಲಿನ ಇಲಿ

ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಮುಂಬಯಿಯ ಪರೇಲಿಗೆ ಎರಡು ಕಾರಣಗಳಿಂದ ಸ್ಥಾನವುಂಟು. 1897ರ ಜನವರಿಯಲ್ಲಿ ಬೈಕುಲಾದಲ್ಲಿ ಪ್ಲೇಗಿನ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡ ಹಾಫ್ಕಿನ್ನರ ಪ್ರಯೋಗಾಲಯವು 1899ರಲ್ಲಿ ಪರೇಲಿನ ಹಳೆಯ ಗವರ್ನರರ ಬಂಗಲೆಗೆ ಬಂದಿತು. 1941ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯೂ, 1952ರಲ್ಲಿ ಡಾ. ವಿ. ಆರ್. ಖಾನೋಳ್ಕರರ ನೇತೃತ್ವದಲ್ಲಿ ಭಾರತೀಯ ಕ್ಯಾನ್ಸರ್ ಸಂಶೋಧನ ಕೇಂದ್ರವೂ ಅಲ್ಲಿಯೇ ತಲೆಯೆತ್ತಿದವು. ಲಸಿಕೆಯ ವಿದ್ಯೆ ಒಂದು ಆವರಣದಲ್ಲಿ, ಅರ್ಬುದದ ಇಲಿ ಇನ್ನೊಂದರಲ್ಲಿ. ಇವೆರಡನ್ನೂ ಕೂಡಿಸುವ ಯೋಚನೆಗೆ ಜಗತ್ತಿನ ಬೇರೆಡೆಗಳಲ್ಲಿ ದಾರಿ ತೆರೆದ ವಸ್ತು ಶರ್ಕರ.

ಇದು ಅಡುಗೆಮನೆಯ ಸಕ್ಕರೆಯಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಜೀವಕೋಶದ ಹೊರಮೈಯಲ್ಲಿ ಶರ್ಕರ ಸಂಯುಕ್ತಗಳ ಸರಪಣಿಗಳಿರುತ್ತವೆ. ಅರ್ಬುದಕೋಶದಲ್ಲಿ ಅವು ಅನೇಕ ವೇಳೆ ಮೊಟಕಾಗಿರುತ್ತವೆ. ಈ ಮೊಟಕು ಸರಪಣಿಯನ್ನೇ ಲಸಿಕೆಯಾಗಿ ಕೊಟ್ಟು ದೇಹದ ರಕ್ಷಣಾಶಕ್ತಿಗೆ ಶತ್ರುವಿನ ಗುರುತು ಹಿಡಿಸಬಹುದಲ್ಲವೆ? ತೊಡಕೆಂದರೆ, ಶರ್ಕರವೊಂದೇ ಆ ಶಕ್ತಿಯನ್ನು ಚೆನ್ನಾಗಿ ಎಚ್ಚರಿಸಲಾರದು. ಪ್ರೋಟೀನಿಗೆ ಬೆಸೆದರೆ ಎಚ್ಚರಿಸಬಲ್ಲುದೆಂದು 1931ರಲ್ಲಿ ಏವರಿ ಮತ್ತು ಗೋಬೆಲ್ ನ್ಯುಮೋನಿಯದ ಬ್ಯಾಕ್ಟೀರಿಯದ ಶರ್ಕರದಿಂದ, ಮೊಲಗಳಲ್ಲಿ, ತೋರಿಸಿಕೊಟ್ಟರು.

ಇದೇ ಉಪಾಯ ಅರ್ಬುದಕ್ಕೂ ಒದಗಿತು. 1990ರಲ್ಲಿ ಕೆನಡದ ಎಡ್ಮಂಟನ್ ನಗರದ ಸಂಶೋಧಕರು ಕೃತಕವಾಗಿ ರಚಿಸಿದ ಶರ್ಕರಾಂಶವನ್ನು ಪ್ರೋಟೀನಿಗೆ ಬೆಸೆದು, ಸ್ತನಗ್ರಂಥಿಯ ಅರ್ಬುದಕೋಶಗಳನ್ನು ನಾಟಿದ ಇಲಿಗಳಿಗೆ ಚುಚ್ಚಿದರು. ಅಲ್ಪ ಪ್ರಮಾಣದ ಸೈಕ್ಲೋಫಾಸ್ಫಮೈಡ್ ಔಷಧವೂ ಜೊತೆಗೂಡಿದಾಗ ಇಲಿಗಳ ಆಯುಸ್ಸು ಹೆಚ್ಚಿತು. ಆದರೆ ಇದೇ ಜಾತಿಯ ಇನ್ನೊಂದು ಶರ್ಕರದ ಲಸಿಕೆ, ಸ್ತನದ ಅರ್ಬುದವು ದೇಹದಲ್ಲಿ ಹರಡಿದ್ದ ಸಾವಿರಕ್ಕೂ ಹೆಚ್ಚು ಸ್ತ್ರೀಯರ ಪರೀಕ್ಷೆಯಲ್ಲಿ ಸೋತಿತು. ರೋಗದ ಮುನ್ನಡೆಯನ್ನು ಅದು ತಡೆಯಲಿಲ್ಲ, ಆಯುಸ್ಸನ್ನೂ ಹೆಚ್ಚಿಸಲಿಲ್ಲವೆಂದು 2003ರಲ್ಲಿ ಪ್ರಕಟವಾಯಿತು.

ಇಲಿಯ ಗೆಲುವನ್ನು ಮನುಷ್ಯನ ಗೆಲುವೆಂದು ಬಗೆದವರಿಗೆ ಇದು ಆಘಾತವೇ ಸರಿ. ಆದರೆ ಯಾವ ಇಲಿ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕಿತ್ತು. ಆರೋಗ್ಯವಂತ ಇಲಿಗೆ ಹೊರಗಿನಿಂದ ನಾಟಿದ ಗಡ್ಡೆ ಕೆಲವೇ ದಿನಗಳಲ್ಲಿ ಬೆಳೆಯುತ್ತದೆ. ಸ್ತ್ರೀಯರ ಅರ್ಬುದಕ್ಕೆ ವರ್ಷಗಳು ಬೇಕು, ಅಷ್ಟರಲ್ಲಿ ದೇಹ ಅದಕ್ಕೆ ಒಗ್ಗಿಹೋಗಿರುತ್ತದೆ. ಪರೇಲಿನ ಕೇಂದ್ರದಲ್ಲಿ ಡಾ. ಕಮಲ್ ರಣದಿವೆಯವರು (1917–2001) ಸಾಕಿ ಅಭ್ಯಸಿಸಿದ್ದು ಬೇರೆ ಬಗೆಯ ಇಲಿಗಳನ್ನು. ಸ್ತನದ ಅರ್ಬುದ ತಾನಾಗಿಯೇ ಹುಟ್ಟುವ ತಳಿಗಳವು; ಅವುಗಳಲ್ಲೊಂದಕ್ಕೆ ಕೇಂದ್ರದ ಹೆಸರಿನಿಂದಲೇ ಐ.ಸಿ.ಆರ್.ಸಿ. ಎಂಬ ಹೆಸರು ಬಂದಿತು. ವಂಶ, ಹಾರ್ಮೋನು, ತಾಯಿಯ ಹಾಲಿನಿಂದ ಬರುವ ವೈರಸ್ಸು ಇವುಗಳ ಸಂಬಂಧವನ್ನು ಅವರು ಅಂಥ ಇಲಿಗಳಲ್ಲಿ ಅರಸಿದರು. ಗಡ್ಡೆ ಕರಗಿಸಿದ ಸುದ್ದಿಯ ಮುಂದೆ ಇದು ನಿಧಾನದ ಕೆಲಸ, ಪತ್ರಿಕೆಗಳ ಕಣ್ಣಿಗೆ ಬೀಳುವಂಥದಲ್ಲ. ಕೇಂದ್ರವು 1966ರಲ್ಲಿ ಆಸ್ಪತ್ರೆಯೊಡನೆ ಒಂದಾಗಿ ಟಾಟಾ ಸ್ಮಾರಕ ಕೇಂದ್ರವೆನಿಸಿತು. ಅದರ ಸಂಶೋಧನ ವಿಭಾಗವು 2002ರಲ್ಲಿ ಪರೇಲನ್ನು ಬಿಟ್ಟು ಖಾರಘರಕ್ಕೆ ಹೋಯಿತು.